ಚುಕ್ಕೆ ಉದುರಿದ ಮೇಲೆ

ಹರಪನಹಳ್ಳಿ
12-3-1984, ಸೋಮವಾರ

ಮಾಗಳದ ಅವ್ವನಿಗೆ ನಿನ್ನ ಉಚ್ಚಂಗಿ ಕಾಲಿಗೆ ಬಿದ್ದು ಬರೆಯುವುದು,

ಬಸ್ಸಿನ ಜಂಬಣ್ಣ ಈಗ ನಿನ್ನ ಕಾಗದ ಕೊಟ್ಟ. ನನ್ನ ಮಗಳು ಗಾದೆಮ್ಮನ ಮೈಮೇಲೆ ಬಂದಿದ್ದ ಅಮ್ಮ ಇಳಿದಳು, ಗುಳ್ಳೆ ಒಣಗಿದವು, ನಾಳೆ ಹೋಳಿಗೆ ಎಡೆ ಎಂದು ಬರೆದಿದ್ದೀ. ಕೊನೆಗೊಂದು ಸಾಲು: ಮಗುವಿನ ಮೈ ಮತ್ತೆ ಕಾದಿದೆ, ವಾಂತಿ ಮಾಡಿ ಮಂಕಾಗಿ ಮಲಗಿದೆ, ಸುಸ್ತಿರಬೇಕು. ಅದನ್ನು ಓದಿದವಳೇ ಬರೆಯಲು ಕೂತೆ. ಎಡೆ ಬಿಡು ಅವ್ವ. ಈಗಲೇ ಹಡಗಲಿ ದವಾಖಾನೆಗೆ ಎತ್ತಿಕೊಂಡು ಹೋಗು.

ನಾಲ್ಕಕ್ಷರ ಕಲಿತು ದೇವರಿಗೇ ಎದುರಾಡುತ್ತಾಳೆ ಎಂದು ಬೈಯಬೇಡ. ಇಲ್ಲಿ ಏನಾಯಿತು ಕೇಳು.

ಕಾಲೇಜಿನಲ್ಲಿ ನಾನು ನೋಡಿಕೊಳ್ಳುವ ಗಾಜಿನ ತೊಟ್ಟಿಯಲ್ಲಿ ಆರು ಕಡಲಮೀನು ಇದ್ದವು, ಕಾರವಾರದಿಂದ ಉಪ್ಪುನೀರಿನ ಸಮೇತ ತಂದವು. ಪಂಚಾಕ್ಷರಪ್ಪ ಮೇಷ್ಟ್ರು ರಜೆಗೆ ಹೋಗುವಾಗ ಹೇಳಿದ್ದರು: ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಎದ್ದು, ಮೀನು ಕಲ್ಲಿಗೆ ಮೈ ತಿಕ್ಕಿ, ಕಿವಿರು ಬಡಿದುಕೊಂಡರೆ ಅದು ಮೈಗಂಟುವ ಹುಳು, ಈ ನೀಲಿ ಔಷಧಿ ಹಾಕು.

ಮೂರೂ ಕಂಡವು. ನಾನು ಮಾತ್ರ ಅಮ್ಮ ಬಂದಳು ಅಂದುಕೊಂಡೆ. ಅಮ್ಮ ಬಂದಾಗ ಔಷಧಿ ಮುಟ್ಟಬಾರದೆಂದು ನೀನೇ ಕಲಿಸಿದ್ದಲ್ಲವೇ? ತೊಟ್ಟಿಗೆ ಬೇವಿನ ಸೊಪ್ಪು ಕಟ್ಟಿ ಕೈಮುಗಿದೆ. ನಾಲ್ಕನೇ ದಿನ ಒಂದು ಚುಕ್ಕೆಯೂ ಇಲ್ಲ. ಹಿಗ್ಗಿ ಎಡೆ ಇಟ್ಟು ನಾನೇ ಉಂಡೆ.

ನಿನ್ನೆ ಭಾನುವಾರ, ಕಾಲೇಜಿಗೆ ಬೀಗ. ಈ ಬೆಳಿಗ್ಗೆ ತೆಗೆದರೆ ಐದು ಮೀನು ಸತ್ತು ತೇಲುತ್ತಿದ್ದವು, ಮೈತುಂಬ ರವೆ ಚೆಲ್ಲಿದ ಹಾಗೆ. ಕಿರುಚಿಬಿಟ್ಟೆ. ರಜೆ ಮುಗಿಸಿ ಆಗಷ್ಟೇ ಬಂದ ಮೇಷ್ಟ್ರು ಬೈಯಲೂ ಇಲ್ಲ. "ಚುಕ್ಕಿ ಉದುರಿದ್ದು ವಾಸಿ ಆದಂಗಲ್ಲಮ್ಮ. ಹುಳ ಮರಳಾಗ ಇಳಿದು, ನೂರಾಗಿ ತಿರುಗಿ ಬಂದಾವ," ಎಂದರು. ಉಳಿದ ಒಂದಕ್ಕೆ ಔಷಧಿ ಹಾಕಿದ್ದಾರೆ. ಇನ್ನೂ ಉಸಿರಾಡುತ್ತಿದೆ.

ಮಗುವಿಗೆ ಬಂದದ್ದು ಹುಳುವಲ್ಲ, ಅಷ್ಟು ನನಗೂ ಗೊತ್ತು. ಆದರೆ ಗುಳ್ಳೆ ಒಣಗಿತೆಂದು ನಾವು ಮೈಮರೆಯುವುದು ಒಂದೇ ಥರ. ಬೇವು ಕಟ್ಟು, ಬೇಡ ಎನ್ನುವುದಿಲ್ಲ. ಡಾಕ್ಟರಿಗೂ ತೋರಿಸು. ಕಾಗದ ಜಂಬಣ್ಣನ ಕೈಲೇ ಕಳಿಸಿದ್ದೇನೆ. ಮೇಷ್ಟ್ರಿಗೆ ಬೀಗದಕೈ ಕೊಟ್ಟು ಮುಂದಿನ ಬಸ್ಸಿಗೆ ಸೀದಾ ದವಾಖಾನೆಗೇ ಬರುತ್ತೇನೆ.

ನಿನ್ನ ಮಗಳು
ಉಚ್ಚಂಗೆಮ್ಮ

ತಾ.ಕ.: ತೀರಿಕೊಂಡ ತಮ್ಮ ಸುಂಕಪ್ಪನ ಗುಳ್ಳೆ ಒಣಗಿದಾಗಲೂ ನೀನು ಹೋಳಿಗೆ ಮಾಡುತ್ತಿದ್ದೆ. ಅವನು ವಾಂತಿ ಮಾಡಿ ಮಂಕಾಗಿದ್ದನ್ನು ಮೊದಲು ನೋಡಿದವಳು ನಾನು. ಹೇಳಿದರೆ ಎಡೆ ನಿಂತೀತು, ಹೋಳಿಗೆ ತಪ್ಪೀತು ಎಂದು ಸುಮ್ಮನಿದ್ದೆ. ನನಗಾಗ ಎಂಟು ವರ್ಷ ಅವ್ವ.