ಹಳೆಯ ನಂಬರು

೧೨ ಮಾರ್ಚ್ ೨೦೨೫, ಬುಧವಾರ

ನಮ್ಮ ಬ್ಲೌಸ್ ಅಂಗಡಿಯ ವೆಬ್‌ಸೈಟು ಇನ್ನೂ ಪೂರ್ತಿ ಸರಿಹೋಗಿಲ್ಲ. ಬ್ಯಾಕಪ್ ಹಾಕಿದರೆ ಎಲ್ಲ ವಾಪಸ್ ಬರುತ್ತದೆ ಎಂದು ನಂಬಿ ಕೂತಿದ್ದೆ. ರಿಪೇರಿಗೆ ಬಂದ ರವಿಚಂದ್ರ ನೋಡಿ, "ಅಕ್ಕಾ, ಹೊಸ ಫೈಲು ಅರ್ಧಕ್ಕೇ ನಿಂತೈತೆ. ಕಾಪಿ ಆಗೋ ಮೊದ್ಲೇ ಪೆನ್‌ಡ್ರೈವ್ ಕಿತ್ತೀರೇನ್ರಿ?" ಎಂದ. ಹೌದು, ಕರೆಂಟ್ ಹೋದರೆ ಎಲ್ಲ ಸುಟ್ಟುಹೋದೀತೆಂದು ಹೆದರಿ ಕಿತ್ತಿದ್ದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಇದೆಲ್ಲ ನನಗೆ ಹೆಂಗೆ ತಿಳಿಯಬೇಕು?

ಕೊನೆಗೆ ಎರಡು ವರ್ಷದ ಹಿಂದಿನ ಬ್ಯಾಕಪ್ಪೇ ಕೂತಿತು. ಆಗ ಅಂಗಡಿ ನನ್ನದು, ಗೆಳತಿ ನಯನಾಳದು, ಇಬ್ಬರದೂ. 'ಆರ್ಡರಿಗೆ ನಯನಾ' ಎಂದು ಅವಳ ನಂಬರು ಮೇಲೆಯೇ ಇದೆ. ಮದುವೆಯಾಗಿ ಅಂಗಡಿ ಬಿಟ್ಟು ಹರಿಹರಕ್ಕೆ ಹೋದಳೆಂಬ ಸಿಟ್ಟಿಗೆ ನಾನು ಮಾತು ಬಿಟ್ಟೆ. ದಾವಣಗೆರೆಯಿಂದ ಬಸ್ಸಿಗೆ ಅರ್ಧ ತಾಸು. ನಡುವೆ ಹೊಳೆಯೂ ಅಡ್ಡ ಇಲ್ಲ. ಆದರೂ ಹೋಗಲಿಲ್ಲ.

ಸಂಜೆ ಅವಳದೇ ಫೋನು. ಎತ್ತಿದೆ.

"ಏನೇ, ಹದಡಿಯಿಂದ ನಿನ್ನ ಗಿರಾಕಿ ನಂಗೆ ಫೋನ್ ಮಾಡ್ಯಾರೆ. ಮದುವಿ ಬ್ಲೌಸಿಗೆ ಬೆನ್ನು ಎಷ್ಟು ಇಳಿಸ್ತೀರಿ ಅಂತಾರೆ. ಏನ್ ಹೇಳ್ಲಿ?"

"ನೀನೇ ಹೇಳು. ಗಿರಾಕಿ ಜೊತಿ ಮಾತಾಡಾಕೆ ನಂಗೆ ಭಯ ಆಗ್ತೈತೆ."

"ಇನ್ನೂ ಹಂಗೇ ಅದೀಯಲ್ಲೇ!" ಎಂದು ನಕ್ಕಳು. ಆ ನಗು ಈಗಲೂ ಕಿವಿಯಲ್ಲಿದೆ.

ನಂಬರು ಬದಲಿಸಲೇ ಎಂದು ರವಿಚಂದ್ರ ಕೇಳಿದ. ಬ್ಯಾಡ, ಇರಲಿ ಎಂದೆ. ನಾಳೆಯೂ ಯಾರಾದರೂ ಅವಳಿಗೇ ಫೋನ್ ಮಾಡಲಿ. ಆಮೇಲೆ ಅವಳು ನನಗೆ ಮಾಡಲಿ.