ನನ್ನ ಮಗಳ ಹೆಸರು, ಮೊಳೆ ಹೊಡೆದ ಕಿಟಕಿಗಳು

ಕೌಶಲ ತರಬೇತಿಯ ಉಸ್ತುವಾರಿ ಹೊತ್ತ ಅಧಿಕಾರಿಗಳೇ,

ಕಳೆದ ಭಾನುವಾರ ಅರಸೀಕೆರೆಯ ಹಳೆಯ ಟಿ.ವಿ. ಕಾರ್ಖಾನೆಯ ಅಂಗಳದಲ್ಲಿ ನನ್ನ ಮಗಳು ನಯನಾಳ ನುಡಿನಮನಕ್ಕೆ ಸೇರಿ ಬಿಸಿಲಲ್ಲಿ ನಿಂತವರಿಗೆಲ್ಲ ನಾನು ಋಣಿ. ಆದರೆ ಅಂದಿನ ಅನುಕಂಪ ನನಗೆ ಬೇಡ. ತಮ್ಮದಂತೂ ಬೇಡವೇ ಬೇಡ. ಅನುಕಂಪದ ಮಾತು ಮುಗಿಸುತ್ತಲೇ ತಾವು ಘೋಷಿಸಿದಿರಿ: ಆ ಕಾರ್ಖಾನೆ ಮುಂದಿನ ತಿಂಗಳು ಹೆಣ್ಣುಮಕ್ಕಳ ಬೆಸುಗೆ ತರಬೇತಿ ಕೇಂದ್ರವಾಗಿ ತೆರೆಯುತ್ತದೆ, ಅದಕ್ಕೆ ನಯನಾಳ ಹೆಸರು. ಜನ ಚಪ್ಪಾಳೆ ತಟ್ಟಿದರು. ನಾನು ಕಿಟಕಿಗಳನ್ನು ನೋಡುತ್ತಿದ್ದೆ. ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಅವುಗಳಿಗೆ ಹೊಡೆದ ಮೊಳೆಗಳ ಮೇಲೆಯೇ ತಾವು ಹೊಸ ಬಣ್ಣ ಬಳಿಸಿದ್ದೀರಿ.

ಆ ಕಾರ್ಖಾನೆ ನಮಗೆ ಏನಾಗಿತ್ತೆಂಬುದನ್ನು ನಾನು ಮರೆತಿಲ್ಲ. ಅಲ್ಲಿ ಬೆಸುಗೆ ಹಾಕುತ್ತಿದ್ದ ನಯನಾ, ಅವಳ ಜೊತೆಯ ಹುಡುಗಿಯರು ನೀಲಿ ಕೋಟು ತೊಟ್ಟು ಕಣಕಟ್ಟೆಯಲ್ಲಿ ಬಸ್ಸು ಹತ್ತಿದರೆ ಕಂಡಕ್ಟರನೇ ಸೀಟು ಬಿಡಿಸಿಕೊಡುತ್ತಿದ್ದ. ನಮ್ಮ ಮನೆಗಳಿಗೆ ಟಿ.ವಿ. ಬರುವ ಮೊದಲೇ ಅದರ ಹೊಟ್ಟೆಯೊಳಗಿನ ಪ್ರತಿ ತಂತಿಯನ್ನೂ ಅವರು ಬಲ್ಲವರಾಗಿದ್ದರು. ಅಗ್ಗದ ಸೆಟ್ಟುಗಳು ಬಂದು ಕಾರ್ಖಾನೆ ಮುಚ್ಚಿದ ದಿನ ನಯನಾ, ತನ್ನ ಎತ್ತರಕ್ಕೆ ತಕ್ಕಂತೆ ಕಾಲು ಕೊಯ್ಸಿ ಗಿಡ್ಡ ಮಾಡಿಸಿಕೊಂಡಿದ್ದ ಸ್ಟೂಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಮನೆಗೆ ತಂದಳು. ಅವಳ ಹೆಮ್ಮೆ ಸುಳ್ಳಾಗಿರಲಿಲ್ಲ. ಅವಳ ಉಬ್ಬಸವೂ ಸುಳ್ಳಾಗಿರಲಿಲ್ಲ.

ಸೋಲ್ಡರಿಂಗ್ ಬೆಸುಗೆಯ ತಂತಿಯೊಳಗೆ ರಾಳ, ಅಂದರೆ ಮರದ ಅಂಟು, ಇರುತ್ತದೆ. ಬಿಸಿ ತಾಗಿದೊಡನೆ ಅದು ಹೊಗೆಯಾಗಿ, ಬಗ್ಗಿ ಕೂತವಳ ಮೂಗಿಗೆ ನೇರ ಏರುತ್ತದೆ. ಗಾಳಿಯಾಡಿದರೆ ಬೆಸುಗೆ ಕೆಡುತ್ತದೆಂದು ಫ್ಯಾನು ನಿಲ್ಲಿಸಿ, ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಆ ಹೊಗೆಗೆ ಧೂಪದ ವಾಸನೆ. ಅದೇ ನಮ್ಮನ್ನು ಮೋಸಗೊಳಿಸಿತು. ನಯನಾಳ ಪಕ್ಕದಲ್ಲಿ ಕೂರುತ್ತಿದ್ದ, ಈಗ ಬಸ್ತಿಹಳ್ಳಿಯಲ್ಲಿರುವ ಮುದ್ದಮ್ಮ ಭಾನುವಾರ ನನ್ನ ಬಳಿ ಹೇಳಿದ್ದಿಷ್ಟು:

"ದೇವ್ರ ಮನೆ ಹೊಗೆ ಇದ್ದಂಗೈತೆ, ಏನೂ ಆಗಲ್ಲ ಅಂದ್ಕಂಡಿದ್ವಿ ಕಣಪ್ಪಾಜಿ. ಕೆಮ್ಮಿದ್ರೆ ಸೂಪರ್‌ವೈಸರ್ರು, 'ಏನ್ರಮ್ಮಾ, ಮನೇಲಿ ಧೂಪ ಹಾಕಲ್ವಾ? ಎಳ್ಕಳಿ, ಪುಣ್ಯ ಬತ್ತದೆ' ಅನ್ನೋರು. ನಾವೂ ನಗೋವು. ನಿಮ್ಮ ನಯನಾ ಒಬ್ಳೇ, 'ಸಾರ್, ನಮ್ಗೆ ಪುಣ್ಯ ಜಾಸ್ತಿ ಆಯ್ತು, ನೀವೂ ಒಸಿ ಬಂದು ಕೂತ್ಕಳಿ' ಅಂದಿದ್ಲು."

ಸಂಜೆ ಕೆಮ್ಮುತ್ತ ಬಂದ ಮಗಳಿಗೆ ಅವಳ ತಾಯಿ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ತಲೆಗೆ ಹೊಗೆ ಹಿಡಿಯುತ್ತಿದ್ದಳು. ಎಳೆಗೂಸಿನ ನೆಗಡಿಗೂ ಅದೇ ತಾನೆ ನಮ್ಮ ಮದ್ದು? ಹಗಲು ಕಾರ್ಖಾನೆಯ ಹೊಗೆ, ಸಂಜೆ ಮನೆಯ ಹೊಗೆ. ಹಾಸನದ ವೈದ್ಯರು "ನೀನು ಏನು ಕೆಲಸ ಮಾಡ್ತೀಯಮ್ಮ?" ಎಂದು ಕೇಳುವ ಹೊತ್ತಿಗೆ ಕಾಯಿಲೆ ಬೇರೂರಿತ್ತು. ಕಾರ್ಖಾನೆ ಮುಚ್ಚಿದರೂ ಅದು ಬಿಡಲಿಲ್ಲ; ಈ ವರ್ಷ ಅವಳನ್ನು ಕೊಂಡೊಯ್ದಿತು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ವಾದವನ್ನು ಮೊದಲು ನಾನೇ ಮಂಡಿಸಿ ಆಮೇಲೆ ಖಂಡಿಸುತ್ತಿದ್ದೆ. ತಮ್ಮ ವಾದವಿದು: ಅವಳ ಸಾವಿಗೆ ಆ ಹೊಗೆಯೇ ಕಾರಣವೆಂಬುದಕ್ಕೆ ಪುರಾವೆ ಎಲ್ಲಿದೆ? ಸರಿ. ಆ ಹೊಗೆ ನಿರಪಾಯವೆಂಬುದಕ್ಕೆ ತಮ್ಮ ಪುರಾವೆ ಎಲ್ಲಿದೆ? ಹೊಗೆ ಹೀರುವ ಯಂತ್ರಗಳ ಬಗ್ಗೆ ಕೇಳಿದರೆ "ಎರಡನೇ ಹಂತದಲ್ಲಿ ನೋಡೋಣ" ಎಂದಿರಿ. ಮೊದಲ ಹಂತದ ಹುಡುಗಿಯರು ಉಸಿರಾಡುವುದಿಲ್ಲವೇ? ಹೆಸರು ಕೆತ್ತಿದ ಗ್ರಾನೈಟ್ ಫಲಕ ಮಾತ್ರ ಮೊದಲ ಹಂತದಲ್ಲೇ ಬಂದಿಳಿದಿದೆ. ಗಾಜಿನ ಪೆಟ್ಟಿಗೆಯಲ್ಲಿ ಇಡಲು ನಯನಾಳ ಸ್ಟೂಲನ್ನೂ ಕೇಳಿದ್ದೀರಿ.

ನನ್ನ ಬೇಡಿಕೆ ಚಿಕ್ಕದು. ಮೊಳೆಗಳನ್ನು ಕೀಳಿಸಿ. ಪ್ರತಿ ಮೇಜಿಗೂ ಹೊಗೆ ಹೀರುವ ಯಂತ್ರ ಕೂರಿಸಿ. ಬಾಗಿಲು ಆಮೇಲೆ ತೆರೆಯಿರಿ. ಅಲ್ಲಿಯವರೆಗೆ ಆ ಫಲಕದ ಮೇಲೆ ನನ್ನ ಮಗಳ ಹೆಸರು ಇರಕೂಡದು.

ಇಲ್ಲವಾದರೆ, ಉದ್ಘಾಟನೆಯ ಬೆಳಿಗ್ಗೆ ಆ ಸ್ಟೂಲು ಬರುತ್ತದೆ. ಗಾಜಿನ ಪೆಟ್ಟಿಗೆಗಲ್ಲ, ಬಾಗಿಲಿಗೆ. ಅದನ್ನು ಅಡ್ಡಲಾಗಿ ಇಟ್ಟು ನಾನು ಕೂರುತ್ತೇನೆ. ತಮಗೊಬ್ಬರಿಗೆ ದಾರಿ ಬಿಡುತ್ತೇನೆ. ಒಳಗೆ ಹೋಗಿ ಒಂದು ಬೆಳಗು ಬಗ್ಗಿ ಕೂತು ಬೆಸುಗೆ ಹಾಕಿ ಬನ್ನಿ. ಹುಡುಗಿಯರಲ್ಲಿ ಒಬ್ಬಳನ್ನೂ ಬಿಡುವುದಿಲ್ಲ. ಮೊದಲ ತಂಡಕ್ಕೆ ಆಯ್ಕೆಯಾಗಿ, "ತಾತ, ಅಮ್ಮನ ಜಾಗದಲ್ಲೇ ಕೂತ್ಕೋತೀನಿ" ಎಂದು ಮನೆಯೆಲ್ಲ ಕುಣಿದಾಡಿದ ನಯನಾಳ ಮಗಳು ಸಿರಿಯನ್ನೂ ಬಿಡುವುದಿಲ್ಲ. ಇದನ್ನು ನಾನು ಯಾರನ್ನೂ ಕೇಳಿ ತೀರ್ಮಾನಿಸಿಲ್ಲ. ಸಿರಿಗೂ ಇನ್ನೂ ಹೇಳಿಲ್ಲ. ತಾವು ಓದುವ ಹೊತ್ತಿಗೆ ಅವಳೂ ಈ ಬಹಿರಂಗ ಪತ್ರವನ್ನು ಪತ್ರಿಕೆಯಲ್ಲೇ ಓದುತ್ತಿರುತ್ತಾಳೆ.

ಇಂತಿ,
ಆ ಹೆಸರನ್ನು ತೊಟ್ಟಿಲಲ್ಲಿ ಇಟ್ಟವನು, ಈಗ ಹಿಂದಕ್ಕೆ ಕೇಳುತ್ತಿರುವವನು,
ಜವರಪ್ಪ, ಕಣಕಟ್ಟೆ