ಸ್ಟ್ರ್ಯಾಂಡ್‌ಹಿಲ್‌ನ ಒಣ ಪೆಟ್ಟಿಗೆ

ಜನವರಿ 18, 2021, ಸೋಮವಾರ

ರೋಸಸ್ ಪಾಯಿಂಟ್‌ನ ನನ್ನ ಪೆಟ್ಟಿಗೆಯೊಳಗೆ ಮತ್ತೆ ನೀರು. ವಿಕಿರಣ ಅಳೆಯುವ ಯಂತ್ರ. ಬಯಲಲ್ಲೇ ಇರಬೇಕು, ಒಳಗೆ ಮಾತ್ರ ತೇವ ತಾಗಬಾರದು. ಅದೂ ಐರ್ಲೆಂಡಿನ ಈ ಸ್ಲೈಗೋದ ಮಳೆಯಲ್ಲಿ. ಮುಚ್ಚಳದ ಸುತ್ತ ಸಿಲಿಕೋನ್ ಬಳಿದಿದ್ದೆ. ಆದರೂ ಸರ್ಕ್ಯೂಟ್ ಬೋರ್ಡಿನ ಮೇಲೆ ಬೆವರಿನಂಥ ಹನಿ. ರೀಡಿಂಗ್ ನಿಂತಿದೆ.

ಸ್ಟ್ರ್ಯಾಂಡ್‌ಹಿಲ್‌ನ ಪೆಟ್ಟಿಗೆ ನಿಸರ್ಗಾಳದು. ಅದೇ ಸಮುದ್ರ, ಅದೇ ಮಳೆ. ಒಮ್ಮೆಯೂ ನಿಂತಿಲ್ಲ. ಆನ್‌ಲೈನ್ ಮೀಟಿಂಗಿನಲ್ಲಿ ಮ್ಯಾನೇಜರ್ ಫಿನ್‌ಬಾರ್ ಅವಳನ್ನು ಹೊಗಳಿದ್ದೇ ಹೊಗಳಿದ್ದು. ಒಟ್ಟಿಗೆ ಎಂಎಸ್ಸಿ ಮಾಡಿದೆವು, ಒಟ್ಟಿಗೆ ಕೆಲಸಕ್ಕೆ ಸೇರಿದೆವು. ಮಾರ್ಚ್‌ನಲ್ಲಿ ಒಬ್ಬಳಿಗೆ ಮಾತ್ರ ಪರ್ಮನೆಂಟ್. ಇನ್ನೊಬ್ಬಳ ವೀಸಾ...

ಕ್ಯಾಮೆರಾ ಆಫ್ ಮಾಡಿ ಕೂತೆ. ನನ್ನ ಮುಖ ಕಾಣುವುದು ಬೇಡ.

ಜನವರಿ 27, ಬುಧವಾರ

ನಿಸರ್ಗಾಗೆ ಕೋವಿಡ್. ರಸಂ ಮಾಡಿ ಅವಳ ಬಾಗಿಲಲ್ಲಿಟ್ಟು ಬಂದೆ. ಕಿಟಕಿಯಿಂದ ಕೈ ಬೀಸಿದಳು. ಪಾಪ ಅನ್ನಿಸಿತು. ಆಮೇಲೆ — ಇನ್ನು ಅವಳ ಪೆಟ್ಟಿಗೆ ನೋಡುವವರು ಯಾರು ಅನ್ನಿಸಿತು. ಖುಷಿಯಾಯಿತು. ಬರೆದೇಬಿಟ್ಟೆ. ಯಾರು ಓದುತ್ತಾರೆ.

ಜನವರಿ 29, ಶುಕ್ರವಾರ, ಸಂಜೆ

ಫಿನ್‌ಬಾರ್ ನನ್ನನ್ನೇ ಕಳಿಸಿದ. ಲಾಕ್‌ಡೌನಿನಲ್ಲಿ ಐದು ಕಿಲೋಮೀಟರ್ ದಾಟುವಂತಿಲ್ಲ. ಕಂಪನಿಯ ಪತ್ರ ಇಟ್ಟುಕೊಂಡು ಹೋದೆ.

ಅವಳ ಪೆಟ್ಟಿಗೆ ತೆರೆದೆ. ಹಪ್ಪಳದ ಡಬ್ಬಿಯ ಹಾಗೆ ಒಣಗಿತ್ತು. ತಳದಲ್ಲಿ ಸಣ್ಣ ತೂತು, ಅದಕ್ಕೊಂದು ಬಿಲ್ಲೆ — ಗಾಳಿ ಆಡುತ್ತದೆ, ನೀರು ಬರುವುದಿಲ್ಲ. ನಾನು ಗಾಳಿಯೂ ಆಡದಂತೆ ಮುಚ್ಚಿ ತೇವವನ್ನು ಒಳಗೇ ಕೂಡಿಹಾಕಿದ್ದೆ. ಇಷ್ಟೇ. ನನಗೇಕೆ ಹೊಳೆಯಲಿಲ್ಲ. ಹೊಟ್ಟೆ ಉರಿಯಿತು.

ಮುಚ್ಚಳ ಇಟ್ಟೆ. ಸ್ಕ್ರೂ ಬಿಗಿಯಲಿಲ್ಲ. ಮರೆತಿದ್ದಲ್ಲ.

ನಾಳೆ ಜೋರು ಗಾಳಿಮಳೆಯಂತೆ.

ಜನವರಿ 30, ಶನಿವಾರ

ಬೆಳಿಗ್ಗೆ ಅವಳ ಫೋನ್. ಉಸಿರು ಸಿಗುತ್ತಿಲ್ಲ, ಆಂಬುಲೆನ್ಸ್ ಬರುತ್ತಿದೆ ಅಂದಳು. ಆದರೂ ಕೇಳಿದ್ದು ಅದನ್ನೇ.

“ದ್ರಾಕ್ಷಿ, ಬಾಕ್ಸ್ ನೋಡಿದ್ಯಾ? ಸರಿ ಐತಾ?”

“ಐತೆ. ನೀನು ಮೊದ್ಲು ಆಸ್ಪತ್ರೆಗೆ ಹೋಗು.”

ಫೋನಿಟ್ಟು ಕಾರಿನ ಕೀ ಹುಡುಕಿದೆ. ಚೆಕ್‌ಪಾಯಿಂಟಿನಲ್ಲಿ ಪೊಲೀಸ್ ತಡೆದ, ಈ ಮಳೆಯಲ್ಲಿ ಎಲ್ಲಿಗೆ ಅಂತ ಕೇಳಿದ. ಒಂದು ಮುಚ್ಚಳ ಬಿಗಿಯಬೇಕು ಅಂದೆ. ಪತ್ರ ನೋಡಿ, ಗ್ರ್ಯಾಂಡ್ — ಇಲ್ಲಿಯವರ ‘ಸರಿ’ — ಅಂದು ಬಿಟ್ಟ.

ಗಾಳಿಗೆ ಮುಚ್ಚಳ ಪಟಪಟ ಬಡಿದುಕೊಳ್ಳುತ್ತಿತ್ತು. ಒಳಗೆ ನೀರು ಸಿಡಿದಿತ್ತು, ಬೋರ್ಡಿಗಿನ್ನೂ ತಾಗಿರಲಿಲ್ಲ. ಜಾಕೆಟ್ ಬಿಚ್ಚಿ ಅಡ್ಡ ಹಿಡಿದು, ಒರೆಸಿ, ಸ್ಕ್ರೂ ಬಿಗಿದೆ. ಬೆರಳು ಮರಗಟ್ಟಿತ್ತು. ಅಳು ಬಂತು — ಅವಳಿಗಾಗಿಯೋ ನನಗಾಗಿಯೋ ಗೊತ್ತಿಲ್ಲ.

ಫೆಬ್ರವರಿ 14, ಭಾನುವಾರ

ನಿಸರ್ಗಾ ಮನೆಗೆ ಬಂದಿದ್ದಾಳೆ. ದನಿ ದಾರದಷ್ಟು ಸಣ್ಣಗಾಗಿದೆ. ಮಾತಿನ ನಡುವೆ, ಆ ಮಳೆಯಲ್ಲೂ ನಿನ್ನ ಪೆಟ್ಟಿಗೆ ನೋಡಲು ಹೋಗಿದ್ದೆ ಅಂದೆ. ಯಾಕೆ ಹೋಗಬೇಕಾಯಿತು ಅಂತ ಹೇಳಲಿಲ್ಲ. ಅವಳು ಅತ್ತಳು.

ಮಾರ್ಚ್ 12, ಶುಕ್ರವಾರ

ಪರ್ಮನೆಂಟ್ ಅವಳಿಗೆ. ನನ್ನ ಕಾಂಟ್ರ್ಯಾಕ್ಟ್ ಮೇ ತಿಂಗಳಿಗೆ ಮುಗಿಯುತ್ತದೆ. ನನ್ನ ಪೆಟ್ಟಿಗೆಗೂ ತೂತು ಕೊರೆದು ಬಿಲ್ಲೆ ಹಾಕಿದ್ದೆ, ಒಣಗಿಯೇ ಇದೆ. ತಡವಾಯಿತು.

ಸಂಜೆ ಫೋನ್ ಮಾಡಿದಳು. ನನ್ನ ಪೆಟ್ಟಿಗೆ ಉಳಿಸಿದ್ದು ದ್ರಾಕ್ಷಿಯೇ ಅಂತ ಫಿನ್‌ಬಾರ್‌ಗೂ ಹೇಳಿದ್ದಾಳಂತೆ. ಅವಳನ್ನೂ ಇಟ್ಟುಕೊಳ್ಳಿ ಅಂತ ಕೇಳಿದ್ದಾಳಂತೆ. ಅದನ್ನೇ ತಡೆಯಲಾಗುತ್ತಿಲ್ಲ. ಗೆದ್ದವಳು ಗೆದ್ದು ಸುಮ್ಮನಿರಬಾರದೆ. ಒಳ್ಳೆಯತನದಲ್ಲೂ ಅವಳೇ ಮುಂದೆ.

“ನಂಗೋಸ್ಕರ ತಾನೆ ಹೋಗಿದ್ದು?” ಅಂದಳು.

ಹೂಂ ಅಂದೆ.

ಕೇಸರಿಬಾತ್ ಮಾಡಿದ್ದಾಳೆ, ಬಾಗಿಲಲ್ಲೇ ಕೊಟ್ಟು ಹೋಗುತ್ತಾಳಂತೆ. ಬರಲಿ. ಇವತ್ತು ಹೇಳಿಬಿಡುತ್ತೇನೆ. ನಿಸರ್ಗಾ, ಆ ಸ್ಕ್ರೂ ಬಿಗಿಯದೆ ಬಂದವಳು —

ಬೆಲ್ ಆಯಿತು. ಅವಳೇ.